7×14 ಮಿನಿ ಲೇತ್: ಕರಾವಳಿಯಲ್ಲಿ ಐದು ಮಳೆಗಾಲ ಓಡಿಸಿದ ನಂತರ

ಬೆಡ್ (ಯಂತ್ರದ ಅಡಿಯ ಉದ್ದ ಹಳಿ) ಮೇಲೆ 180 ಮಿ.ಮೀ. (7 ಇಂಚು) ತಿರುಗುವ ಜಾಗ, ಸೆಂಟರ್‌ಗಳ ನಡುವೆ 350 ಮಿ.ಮೀ. (14 ಇಂಚು), ಸ್ಪಿಂಡಲ್‌ನಲ್ಲಿ 20 ಮಿ.ಮೀ. ತೂತು, ರಾಡನ್ನು ಮೂರು ದವಡೆಯಲ್ಲಿ ಹಿಡಿಯುವ 80 ಮಿ.ಮೀ. ತ್ರೀ-ಜಾ ಚಕ್. ಚೀನಾದಲ್ಲಿ ತಯಾರಾಗುವ, ಲೋಹ ಕಡೆಯುವ ಈ ಮಿನಿ ಲೇತ್ ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಒಳಗೆ ಹೆಚ್ಚುಕಡಿಮೆ ಒಂದೇ ಯಂತ್ರ. ಮಂಗಳೂರಿನಲ್ಲಿ, ಕಡಲಗಾಳಿ ನೇರ ಬೀಸುವ ಹಂಚಿನ ಮನೆಯ ಹಿಂದಿನ ಕೋಣೆಯಲ್ಲಿ ಐದು ಮಳೆಗಾಲ ಕಂಡ ಯಂತ್ರದ ವಿಮರ್ಶೆ ಇದು. ಕೊಳ್ಳಬಹುದೇ ಎಂದರೆ ಧಾರಾಳವಾಗಿ ಕೊಳ್ಳಬಹುದು. ಆದರೆ ಪೆಟ್ಟಿಗೆ ಒಡೆದ ದಿನವೇ ಕೆಲಸಕ್ಕೆ ಹಚ್ಚಬೇಡಿ. ಕಾರ್ಖಾನೆಯವರು ಬಿಟ್ಟುಕೊಟ್ಟ ಸುಮಾರು ಇಪ್ಪತ್ತು ಗಂಟೆಯ ಫಿಟ್ಟಿಂಗ್ ಕೆಲಸ ಅದರಲ್ಲಿ ಬಾಕಿ ಉಂಟು. ಅದನ್ನು ಮಾಡಿದವರಿಗೆ ಇದು ಒಳ್ಳೆಯ ಲೇತ್, ಮಾಡದವರಿಗೆ ಬರೀ ತಲೆನೋವು.

ಮೊದಲು ಕ್ಯಾರೇಜ್ (ಬೆಡ್ ಉದ್ದಕ್ಕೆ ಟೂಲನ್ನು ಒಯ್ಯುವ ಭಾಗ), ಕ್ರಾಸ್ ಸ್ಲೈಡ್ (ಅಡ್ಡಕ್ಕೆ ಸರಿಯುವ ಭಾಗ), ಟೇಲ್‌ಸ್ಟಾಕ್ (ಬಲತುದಿಯ ಆಸರೆ) ಪೂರ್ತಿ ಬಿಚ್ಚಿ. ಸಾಗಣೆಗೆಂದು ಬಳಿದ ಗ್ರೀಸಿನ ಅಡಿಯಲ್ಲಿ ಎರಕದ ಮರಳು, ಲೋಹದ ಪುಡಿ ಇರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಶ್ ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಜೋಡಿಸಿ. ಇದನ್ನು ಬಿಟ್ಟರೆ ಆ ಮರಳೇ ಬೆಡ್ಡನ್ನು ಉಜ್ಜಿ ತಿನ್ನುತ್ತದೆ.

ಆಮೇಲೆ ಅಲೈನ್‌ಮೆಂಟ್, ಅಂದರೆ ಭಾಗಗಳನ್ನು ಒಂದೇ ನೇರಕ್ಕೆ ತರುವುದು. ಸಮತಟ್ಟಿಲ್ಲದ ಮೇಜಿಗೆ ಬೋಲ್ಟ್ ಬಿಗಿದರೆ ಬೆಡ್ ತಿರುಚಿಕೊಳ್ಳುತ್ತದೆ, ಹಾಗಾಗಿ ಬಿಗಿಯುವ ಮೊದಲು ಕಾಲುಗಳ ಅಡಿಗೆ ತಗಡು ಕೊಟ್ಟು ಅಲುಗಾಟ ತೆಗೆಯಿರಿ. ನಂತರ 25 ಮಿ.ಮೀ. ಅಲ್ಯೂಮಿನಿಯಂ ರಾಡನ್ನು ಚಕ್‌ನಿಂದ 120 ಮಿ.ಮೀ. ಹೊರಗೆ ಬಿಟ್ಟು ಹಿಡಿಯಿರಿ. ಟೇಲ್‌ಸ್ಟಾಕ್ ಆಸರೆ ಬೇಡ. ನಡುಭಾಗವನ್ನು ಕಡಿಮೆ ಮಾಡಿ, ಎರಡು ತುದಿಯಲ್ಲಿ ಹತ್ತು ಹತ್ತು ಮಿಲಿಮೀಟರಿನ ಕಾಲರ್ (ದಪ್ಪ ಪಟ್ಟಿ) ಉಳಿಸಿ. ಕ್ರಾಸ್ ಸ್ಲೈಡ್ ಮುಟ್ಟದೆ ಎರಡರ ಮೇಲೂ 0.05 ಮಿ.ಮೀ. ತೆಳು ಕಟ್ ಹಾಕಿ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ವ್ಯತ್ಯಾಸ 0.02 ಒಳಗಿದ್ದರೆ ಹಾಗೇ ಬಿಡಿ. ಹೊರತುದಿ ದಪ್ಪ ಬಂದರೆ ಸ್ಪಿಂಡಲ್ ಮೂತಿ ಆಚೆ ಬದಿಗೆ ವಾಲಿದೆ ಎಂದರ್ಥ. ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕ್ ಸಡಿಲಿಸಿ, ತಗಡು ಕೊಟ್ಟು ನಮ್ಮ ಕಡೆಗೆ ತಿರುಗಿಸಬೇಕು. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪ, ಅದನ್ನೇ ಕತ್ತರಿಸಿ ಬಳಸಬಹುದು. ಟೇಲ್‌ಸ್ಟಾಕ್ ಹೊಂದಾಣಿಕೆ ಏನಿದ್ದರೂ ಇದಾದ ಮೇಲೆ. ಮೊದಲೇ ಟೇಲ್‌ಸ್ಟಾಕ್ ಎಳೆದಾಡಿದರೆ ಎರಡು ತಪ್ಪುಗಳು ಒಂದರೊಳಗೊಂದು ಸೇರಿ, ಯಾವುದನ್ನು ಸರಿಪಡಿಸುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ.

ಕ್ಯಾರೇಜ್ ಮೇಲೇಳುವುದು ಈ ಯಂತ್ರದ ಹುಟ್ಟುದೋಷ. ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ಕೈಯಲ್ಲಿ ಎತ್ತಿ ನೋಡಿ. ಬೆಡ್ ಅಡಿಯ ಪಟ್ಟಿಗಳಿಗೆ ಎಳೆಯುವ ಮತ್ತು ತಳ್ಳುವ ಸ್ಕ್ರೂ ಇವೆ. ಅವು ಕೆಲವೇ ವಾರದಲ್ಲಿ ಸಡಿಲಾಗುತ್ತವೆ. ತಳ್ಳುವ ಸ್ಕ್ರೂ ತೆಗೆದು, ಲೆಕ್ಕ ಹಾಕಿದ ದಪ್ಪದ ಹಿತ್ತಾಳೆ ಶಿಮ್ (ತೆಳು ತಗಡು) ಹಾಕಿ ಬಿಗಿದರೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲ.

ಇನ್ನು ನಮ್ಮ ಊರಿನ ಮುಖ್ಯ ವಿಷಯ, ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರೆಸಿಟ್ಟ ಬೆಡ್ ಮೇಲೆ ಎರಡೇ ದಿನದಲ್ಲಿ ಕಂದು ಚುಕ್ಕೆ ಏಳುತ್ತದೆ, ಅದರಲ್ಲೂ ಬೆವರಿದ ಕೈ ಊರಿದ ಜಾಗದಲ್ಲಿ ಬೆರಳಚ್ಚಿನ ಗೆರೆ ಗೆರೆಯಾಗಿ. ಸ್ಪ್ರೇ ಡಬ್ಬಿಯ ತೆಳು ಎಣ್ಣೆ ಸಾಲದು, ಬೇಗ ಆರುತ್ತದೆ. ವಿಜಿ 68 (ಎಣ್ಣೆಯ ದಪ್ಪ ತಿಳಿಸುವ ಅಂಕ) ಸ್ಲೈಡ್‌ವೇ ಎಣ್ಣೆಯನ್ನು ಮೂರು ದಿನಕ್ಕೊಮ್ಮೆ, ಯಂತ್ರ ಓಡಿಸಲಿ ಬಿಡಲಿ, ಬಟ್ಟೆಯಲ್ಲಿ ಸವರಬೇಕು. ಪ್ಲಾಸ್ಟಿಕ್ ಶೀಟ್ ಹೊದಿಸಲೇಬೇಡಿ. ಒಳಗೆ ಬೆವರಿ ನೀರು ತೊಟ್ಟಿಕ್ಕುತ್ತದೆ. ಎಣ್ಣೆ ಹಿಡಿದ ಹತ್ತಿಬಟ್ಟೆ ಹೊದಿಸಿ. ಮೈಕ್ರೋಮೀಟರ್, ರೀಮರ್ (ತೂತನ್ನು ನಿಖರ ಅಳತೆಗೆ ತರುವ ಟೂಲ್), ಟ್ಯಾಪ್ (ತೂತಿನೊಳಗೆ ತಿರುಪು ಕೊರೆಯುವ ಟೂಲ್) ಇಡುವ ಕಪಾಟಿನಲ್ಲಿ 40 ವ್ಯಾಟಿನ ಹಳೆಯ ಕಾಲದ ಬಲ್ಬನ್ನು, ಏನೂ ತಾಗದ ಹಾಗೆ, ಉರಿಯಲು ಬಿಡಿ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಬೇಕಾಗಿರುವುದು ಅದರ ಬಿಸಿ. ತಿಂಗಳಿಗೊಮ್ಮೆ ಚಕ್ ಕಳಚಿ ಹಿಂಬದಿಗೂ ಎಣ್ಣೆ ಹಚ್ಚಬೇಕು.

ಆಯುಧಪೂಜೆಯಂದು ಬೆಡ್ ಮೇಲೆ ನೇರ ಹೂ, ಕುಂಕುಮ, ನಿಂಬೆಹಣ್ಣಿನ ಹೋಳು ಇಡುವ ಮನೆಗಳು ಬಹಳ. ಸೇವಂತಿಗೆಯ ಅಡಿಯ ತೇವ ಬೆಳಗಾಗುವುದರೊಳಗೆ ಎಸಳಿನ ಆಕಾರದಲ್ಲೇ ಕಲೆ ಬಿಡುತ್ತದೆ. ನಿಂಬೆರಸ ಲೋಹವನ್ನೇ ತಿನ್ನುತ್ತದೆ. ಬಾಳೆಲೆಯ ಅಡಿಗೆ ಎಣ್ಣೆಬಟ್ಟೆ ಹಾಸಿ, ಅದರ ಮೇಲೆ ಪೂಜೆ ಮಾಡಿ, ಸಂಜೆಗೇ ತೆಗೆದು ಒರೆಸಿ. ತುಕ್ಕು ಬಂದೇ ಬಿಟ್ಟರೆ ಎಮರಿ ಪೇಪರ್ ಬೇಡ, ಅದರ ಕಣ ಬೆಡ್ ಮೇಲೆ ಉಳಿಯುತ್ತದೆ. ಎಣ್ಣೆಯಲ್ಲಿ ಅದ್ದಿದ ನಯವಾದ ನೈಲಾನ್ ಸ್ಕ್ರಬ್ಬರ್ ಸಾಕು.

ಟೂಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲನ್ನು ಉಜ್ಜಿ ಹರಿತ ಮಾಡಲು ಕಲಿಯಿರಿ. ಈ ಯಂತ್ರಕ್ಕೆ ಕಾರ್ಬೈಡ್ ಟೂಲ್ ಬಯಸುವಷ್ಟು ಗಟ್ಟಿತನ ಇಲ್ಲ. ಇನ್ಸರ್ಟ್ (ಬದಲಿಸಬಹುದಾದ ಕಾರ್ಬೈಡ್ ತುದಿ) ಬೇಕೇಬೇಕೆಂದರೆ ಅಲ್ಯೂಮಿನಿಯಂಗೆ ಮಾಡಿದ ಹರಿತ ಅಂಚಿನ ಸಿಸಿಜಿಟಿ ತೆಗೆದುಕೊಳ್ಳಿ, ಉಕ್ಕಿನ ಫಿನಿಶಿಂಗ್‌ಗೂ ಚೆನ್ನಾಗಿ ಬರುತ್ತದೆ. ಎಚ್‌ಎಸ್‌ಎಸ್‌ನಲ್ಲಿ ಎಮ್‌ಎಸ್ (ಮೃದು ಉಕ್ಕಿನ) ರಾಡ್‌ಗೆ ವೇಗದ ಲೆಕ್ಕ ಸುಲಭ: 8000ವನ್ನು ಮಿಲಿಮೀಟರ್ ವ್ಯಾಸದಿಂದ ಭಾಗಿಸಿ. 25 ಮಿ.ಮೀ. ರಾಡ್‌ಗೆ 320 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಅಲ್ಯೂಮಿನಿಯಂಗೆ ಅದರ ಮೂರು ಪಟ್ಟು, ಸೀಮೆಎಣ್ಣೆ ಹನಿಸುತ್ತಾ. ಉಕ್ಕಿನಲ್ಲಿ ಒಂದು ಸಲಕ್ಕೆ 0.5 ಮಿ.ಮೀ. ಆಳ ಸಾಕು. ಟ್ಯಾಪ್ ಹೊಡೆಯಲು ತೆಂಗಿನೆಣ್ಣೆ ಒಳ್ಳೆಯದೇ. ಆದರೆ ಬೆಡ್ ಮೇಲೆ ಬಿಟ್ಟರೆ ಅಂಟಾಗಿ ಗಟ್ಟಿಯಾಗುತ್ತದೆ, ಕೂಡಲೇ ಒರೆಸಿ.

ಟೂಲ್ ಎತ್ತರ ನೋಡಲು ಆರಿಂಚಿನ ಸ್ಟೀಲ್ ಸ್ಕೇಲನ್ನು ರಾಡ್ ಮತ್ತು ಟೂಲ್ ತುದಿಯ ನಡುವೆ ಹಗುರವಾಗಿ ಹಿಡಿಯಿರಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಮ್ಮ ಕಡೆ ವಾಲಿದರೆ ಟೂಲ್ ತಗ್ಗಿದೆ, ಆಚೆ ವಾಲಿದರೆ ಎತ್ತರವಾಗಿದೆ.

ಪಾರ್ಟಿಂಗ್‌ನಲ್ಲಿ (ರಾಡನ್ನು ತುಂಡರಿಸುವಾಗ) ಈ ಯಂತ್ರ ಎಲ್ಲರೂ ಅಳುವ ಹಾಗೆ ಮಾಡುತ್ತದೆ. ಟೂಲ್ ಕಚ್ಚಿ, ಚಕ್ ನಿಂತು, ಹೆಡ್‌ಸ್ಟಾಕ್‌ನ ಪ್ಲಾಸ್ಟಿಕ್ ಗೇರಿನ ಹಲ್ಲು ಹಾರುತ್ತದೆ. ಮೂಲ ಕಾರಣ ಹೆಚ್ಚಾಗಿ ಟೂಲ್ ಪೋಸ್ಟ್ ಅಡಿಯ ಕಾಂಪೌಂಡ್ ಸ್ಲೈಡ್‌ನ ಅಲುಗಾಟ. ಅದನ್ನು ತೆಗೆದು, ಅದೇ ಎತ್ತರದ ಗಟ್ಟಿ ಉಕ್ಕಿನ ಬ್ಲಾಕ್ ಮೇಲೆ ಟೂಲ್ ಪೋಸ್ಟ್ ಕೂರಿಸಿದರೆ ಯಂತ್ರವೇ ಬದಲಾದಂತಿರುತ್ತದೆ. 2 ಮಿ.ಮೀ. ಬ್ಲೇಡ್, ಸರಿಯಾಗಿ ಸೆಂಟರ್ ಎತ್ತರದಲ್ಲಿ, ಚಕ್‌ಗೆ ಆದಷ್ಟು ಹತ್ತಿರ, ಕ್ಯಾರೇಜ್ ಲಾಕ್, ವೇಗ ಅರ್ಧ, ಎಣ್ಣೆ ಧಾರಾಳ, ಕೈ ನಿಲ್ಲಿಸದೆ ಫೀಡ್. ಹೆದರಿ ಕೈ ತಡೆದರೆ ಬ್ಲೇಡ್ ಬರೀ ಉಜ್ಜಿ, ನಂತರ ಕಚ್ಚುತ್ತದೆ.

ಪ್ಲಾಸ್ಟಿಕ್ ಗೇರ್ ಒಂದು ಸೆಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಎಲ್ಲವನ್ನೂ ಲೋಹಕ್ಕೆ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ; ಗೇರ್ ಉಳಿದು ಮೋಟರಿನ ಬೋರ್ಡ್ ಹೋದರೆ ಖರ್ಚು ದೊಡ್ಡದು. ಏಪ್ರಿಲ್–ಮೇ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಲುಂಗಿ, ಹೆಗಲ ಬೈರಾಸು, ಬರಿಗಾಲು, ಗ್ಲೌಸ್ ಯಾವುದೂ ಯಂತ್ರದ ಹತ್ತಿರ ಬೇಡ.

ಹೆಚ್ಚು ಉಪಯೋಗಕ್ಕೆ ಬಂದದ್ದು ಅಡಿಕೆಗೆ ಮದ್ದು ಬಿಡುವ ಪಂಪಿನ, ಶಾಫ್ಟ್ ಕೂರುವ ಬಳೆಯಂಥ ಬುಶ್‌ಗಳಲ್ಲಿ. ಮದ್ದಿನಲ್ಲಿರುವ ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಂಅನ್ನೂ ತಿನ್ನುವುದರಿಂದ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬೇಕು. ಹೊರವ್ಯಾಸ 18 ಇದ್ದರೆ ಗೂಡಿಗಿಂತ 0.02–0.03 ಮಿ.ಮೀ. ಹೆಚ್ಚಿಡಿ, ಒಳತೂತನ್ನು 11.8ಕ್ಕೆ ಬೋರ್ ಮಾಡಿ ನಿಲ್ಲಿಸಿ. ವೈಸ್‌ನಲ್ಲಿ ಒತ್ತಿ ಕೂರಿಸಿದ ಮೇಲೆ ತೂತು ಕಿರಿದಾಗುತ್ತದೆ, ಆಗ 12 ಮಿ.ಮೀ. ಎಚ್7 (ಅಳತೆಯ ನಿಖರತೆಯ ದರ್ಜೆ) ರೀಮರ್ ಹಾಕಿ. ಮೊದಲೇ ರೀಮ್ ಮಾಡಿದರೆ ಶಾಫ್ಟ್ ಒಳಗೆ ಹೋಗುವುದಿಲ್ಲ. ಮಲ್ಪೆ, ಬಂದರು ಕಡೆ ಸಿಗುವ ದೋಣಿಯ ಹಳೆಯ ಸ್ಟೇನ್‌ಲೆಸ್ ಶಾಫ್ಟ್‌ನ ತುಂಡು ಅಗ್ಗವೆಂದು ತಂದರೆ ವೇಗವನ್ನು ಎಮ್‌ಎಸ್‌ಗಿಂತ ಅರ್ಧಕ್ಕಿಳಿಸಿ, 0.3 ಮಿ.ಮೀ.ಗಿಂತ ಕಡಿಮೆ ಆಳ ಕೊಡಬೇಡಿ. ಟೂಲ್ ಒಂದು ಸುತ್ತು ಬರೀ ಉಜ್ಜಿದರೂ ಮೇಲ್ಮೈ ಗಟ್ಟಿಯಾಗಿ, ಮುಂದಿನ ಕಟ್‌ಗೆ ಟೂಲಿನ ಮೂತಿಯೇ ಹೋಗುತ್ತದೆ.