ಅಂಗೈಯಗಲದ ಗಾಳಿಮಾಪಕ: ಹತ್ತು ತಿಂಗಳು ಬಳಸಿದ ಮೇಲೆ

ನಗರದ ವಾಯುಮಾಲಿನ್ಯ ಮತ್ತು ಬಿಸಿಲಿನ ಬಾಧೆಯ ಕುರಿತು ಮನೆಮನೆಗೆ ಹೋಗಿ ಮಾತನಾಡುವ ಸಾರ್ವಜನಿಕ ಆರೋಗ್ಯ ತಂಡವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ನಾವು ಯಾವುದರ ಬಗ್ಗೆ ಎಚ್ಚರಿಸುತ್ತೇವೋ ಅದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಈ ಕೆಲಸದ ದೊಡ್ಡ ತೊಡಕು. 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳು, ಅಂದರೆ ಪಿಎಂ 2.5, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ, ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅವುಗಳಲ್ಲಿ ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ ಎಂದು ಎಷ್ಟು ವಿವರಿಸಿದರೂ ಕೇಳುವವರು ಸೌಜನ್ಯಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಹೀಗಾಗಿ ತಂಡಕ್ಕೆಂದು ಅಂಗೈಯಲ್ಲಿ ಹಿಡಿಯುವಂಥ ನಾಲ್ಕು ಗಾಳಿಮಾಪಕಗಳನ್ನು ಕೊಂಡೆವು. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ಬಗೆಯ ಸಂವೇದಕವನ್ನು ಒಳಗಿಟ್ಟ ಹತ್ತಾರು ಉಪಕರಣಗಳು ಬೇರೆ ಬೇರೆ ಹೊದಿಕೆಯಲ್ಲಿ ಮಾರಾಟವಾಗುತ್ತಿರುವುದರಿಂದ, ಇಲ್ಲಿನ ಮಾತು ಅವೆಲ್ಲಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ.

ಇದರ ಒಳರಚನೆ ಸರಳ. ಒಂದು ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆಳೆಯುತ್ತದೆ. ಲೇಸರ್ ಕಿರಣದ ಮುಂದೆ ಕಣಗಳು ಹಾದುಹೋಗುವಾಗ ಚದುರುವ ಬೆಳಕನ್ನು ಒಂದು ಸಂವೇದಕ ಗ್ರಹಿಸಿ, ಪ್ರತಿ ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಣಗಳಿವೆ ಎಂದು ಲೆಕ್ಕ ಹಾಕಿ ತೋರಿಸುತ್ತದೆ. ಅಂದರೆ ಇದು ಕಣಗಳನ್ನು ತೂಗುವುದಿಲ್ಲ, ಬೆಳಕನ್ನು ನೋಡಿ ತೂಕವನ್ನು ಊಹಿಸುತ್ತದೆ. ಉಪಕರಣದ ಗುಣವೂ ದೋಷವೂ ಹುಟ್ಟುವುದು ಇಲ್ಲಿಂದಲೇ.

ಮೊದಲು ಗುಣ. ಗಾಳಿಯಲ್ಲಾಗುವ ಬದಲಾವಣೆಯನ್ನು ಇದು ಕೆಲವೇ ಸೆಕೆಂಡುಗಳಲ್ಲಿ ಹಿಡಿಯುತ್ತದೆ. ಒಂದು ಶಾಲೆಯ ಗೇಟಿನ ಬಳಿ ಮಕ್ಕಳನ್ನು ಕರೆದೊಯ್ಯಲು ಬಂದ ವಾಹನಗಳು ಎಂಜಿನ್ ಆರಿಸದೆ ನಿಂತಿದ್ದವು. ಮಾಪಕವನ್ನು ಏಳೆಂಟು ವರ್ಷದ ಮಗುವಿನ ಮೂಗಿನ ಎತ್ತರಕ್ಕೆ ಇಳಿಸಿ ಹಿಡಿದಾಗ, ಆಟದ ಮೈದಾನದಲ್ಲಿ 20ರ ಆಸುಪಾಸಿನಲ್ಲಿದ್ದ ಅಂಕಿ ನೋಡನೋಡುತ್ತಿದ್ದಂತೆ ನೂರನ್ನು ದಾಟಿತು. ಪಕ್ಕದಲ್ಲಿ ನಿಂತಿದ್ದ ಪೋಷಕರೊಬ್ಬರು ಏನೂ ಮಾತನಾಡದೆ ಹೋಗಿ ತಮ್ಮ ವಾಹನದ ಕೀಲಿ ತಿರುಗಿಸಿದರು. ಎರಡು ವರ್ಷ ಕರಪತ್ರ ಹಂಚಿದರೂ ಆಗದ ಕೆಲಸವದು. ರಸ್ತೆಯ ಕಡೆಗಿನ ಕಿಟಕಿಗೂ ಹಿತ್ತಲ ಕಡೆಗಿನ ಕಿಟಕಿಗೂ ಇರುವ ವ್ಯತ್ಯಾಸ, ಒಲೆಯ ಮೇಲಿನ ಎಣ್ಣೆ ಹೊಗೆಯಾಡಿದ ಎಷ್ಟು ಹೊತ್ತಿನ ಮೇಲೆ ಮನೆಯ ಗಾಳಿ ತಿಳಿಯಾಗುತ್ತದೆ ಎಂಬ ವಿಚಾರ, ಇವೆಲ್ಲವನ್ನೂ ಮನೆಯವರೇ ಅಳೆದು ನೋಡಿ ಒಪ್ಪಿದ್ದನ್ನು ಕಂಡಿದ್ದೇನೆ. ಈ ಒಂದು ಕಾರಣಕ್ಕೆ ಉಪಕರಣಕ್ಕೆ ಕೊಟ್ಟ ಹಣ ವ್ಯರ್ಥವಾಯಿತೆಂದು ನನಗೆ ಅನ್ನಿಸಿಲ್ಲ.

ಆದರೆ ಅಂಕಿಯ ಏರಿಳಿತವನ್ನು ನಂಬುವುದು ಬೇರೆ, ಅಂಕಿಯನ್ನೇ ನಂಬುವುದು ಬೇರೆ. ನಾಲ್ಕೂ ಮಾಪಕಗಳನ್ನು ಸರ್ಕಾರಿ ಮಾಪನ ಕೇಂದ್ರವೊಂದರ ಬೇಲಿಗೆ ಕಟ್ಟಿ ಎರಡು ವಾರ ಬಿಟ್ಟಿದ್ದೆವು. ಒಣ ಮಧ್ಯಾಹ್ನಗಳಲ್ಲಿ ಅವು ಕೇಂದ್ರದ ಅಂಕಿಗೆ ಸಾಕಷ್ಟು ಹತ್ತಿರವಿದ್ದವು. ಮಂಜು ಕವಿದ ಬೆಳಗಿನಲ್ಲಿ ಹೆಚ್ಚುಕಡಿಮೆ ಇಮ್ಮಡಿ ತೋರಿಸಿದವು. ಕಣಗಳು ತೇವವನ್ನು ಹೀರಿ ಉಬ್ಬುತ್ತವೆ, ಉಬ್ಬಿದ ಕಣ ಹೆಚ್ಚು ಬೆಳಕನ್ನು ಚದುರಿಸುತ್ತದೆ, ಮಾಪಕ ಅದನ್ನು ಹೆಚ್ಚು ಮಾಲಿನ್ಯವೆಂದು ಓದುತ್ತದೆ. ಕೇಂದ್ರಗಳ ದೊಡ್ಡ ಯಂತ್ರಗಳು ಗಾಳಿಯ ತೇವವನ್ನು ತಗ್ಗಿಸಿಕೊಂಡು ಅಳೆಯುವುದರಿಂದ ಅವುಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಇಂಥ ಅಗ್ಗದ ಸಂವೇದಕಗಳ ಅಂಕಿಗಳನ್ನು ತನ್ನ ಕಾಳ್ಗಿಚ್ಚಿನ ಹೊಗೆಯ ನಕ್ಷೆಗೆ ಸೇರಿಸಿಕೊಳ್ಳುವಾಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಹ ತೇವಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ತಿದ್ದುಪಡಿ ಸೂತ್ರವನ್ನು ಬಳಸುತ್ತದೆ. ನಮ್ಮ ಮಾಪಕಕ್ಕೆ ತೇವಾಂಶವನ್ನು ಅಳೆಯುವ ಸೌಲಭ್ಯವಿದೆ. ತೆರೆಯ ಮೂಲೆಯಲ್ಲಿ ಅದನ್ನು ತೋರಿಸುತ್ತಲೂ ಇರುತ್ತದೆ. ಆದರೂ ಕಣಗಳ ಲೆಕ್ಕಕ್ಕೆ ಅದನ್ನು ಬಳಸಿಕೊಳ್ಳದಿರುವುದು ತಯಾರಕರ ಸೋಮಾರಿತನವಲ್ಲದೆ ಬೇರೇನಲ್ಲ. ಒಬ್ಬ ಸ್ವಯಂಸೇವಕರು ಸ್ನಾನದ ಮನೆಯ ಬಾಗಿಲ ಬಳಿ ಮಾಪಕವನ್ನಿಟ್ಟು, ಬಿಸಿನೀರಿನ ಆವಿಗೆ ಅದು ಕೆಂಪಾದುದನ್ನು ಕಂಡು ಗಾಬರಿಯಿಂದ ನನಗೆ ಕರೆ ಮಾಡಿದ್ದರು. ಇನ್ನು ಪಿಎಂ 10, ಅಂದರೆ 10 ಮೈಕ್ರೋಮೀಟರ್ ವರೆಗಿನ ಕಣಗಳು, ಎಂದು ತೋರಿಸುವ ಅಂಕಿಯನ್ನು ನಾವು ಓದುವುದನ್ನೇ ಬಿಟ್ಟಿದ್ದೇವೆ. ದಪ್ಪ ಧೂಳಿನ ಕಣಗಳನ್ನು ಈ ಬಗೆಯ ಸಂವೇದಕಗಳು ಸರಿಯಾಗಿ ಗ್ರಹಿಸುವುದಿಲ್ಲ.

ಅಂಕಿಯ ಜೊತೆಗೆ ಮಾಪಕ ಹೊತ್ತಿಸುವ ದೀಪದ ಬಣ್ಣಗಳ ವಿಷಯದಲ್ಲಿಯೂ ಎಚ್ಚರ ಬೇಕು. ಪಿಎಂ 2.5ರ ಪ್ರಮಾಣ 40 ಇದ್ದರೆ ಭಾರತದ ವಾಯು ಗುಣಮಟ್ಟ ಸೂಚ್ಯಂಕ ಅದನ್ನು ತೃಪ್ತಿಕರ ಎನ್ನುತ್ತದೆ, ಅಮೆರಿಕದ ಸೂಚ್ಯಂಕ ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ ಎನ್ನುತ್ತದೆ. ಉಪಕರಣ ಯಾವ ದೇಶದ ಪಟ್ಟಿಯನ್ನು ಅನುಸರಿಸುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಎಲ್ಲಿಯೂ ಇಲ್ಲ. ಮೇಲಾಗಿ ಆ ಪಟ್ಟಿಗಳು ಇಡೀ ದಿನದ ಸರಾಸರಿಗೆಂದು ಮಾಡಿದವು. ಇಲ್ಲಿ ಕ್ಷಣದ ಅಂಕಿಗೆ ಬಣ್ಣ ಬಳಿಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪಿಎಂ 2.5ರ ವಾರ್ಷಿಕ ಮಾರ್ಗಸೂಚಿ ಮಿತಿಯನ್ನು 10ರಿಂದ 5ಕ್ಕೂ, 24 ಗಂಟೆಗಳ ಮಿತಿಯನ್ನು 25ರಿಂದ 15ಕ್ಕೂ ಇಳಿಸಿತು. ಕೈಪಿಡಿಯಲ್ಲಿ ಮಾತ್ರ ಇಂದಿಗೂ 2005ರ ಹಳೆಯ ಅಂಕಿಗಳೇ ಅಚ್ಚಾಗಿವೆ.

ಇವೆಲ್ಲ ತಿಳಿದು ಬಳಸಿದರೆ ಸರಿಹೋಗುವ ದೋಷಗಳು. ಹಾಗೆ ಸರಿಹೋಗದ ಒಂದು ದೋಷ ಬೇಸಿಗೆಯಲ್ಲಿ ತಿಳಿಯಿತು. ಬಿಸಿಗಾಳಿಯ ವಾರದ ಒಂದು ಮಧ್ಯಾಹ್ನ ಉಬ್ಬಸವಿರುವ ವೃದ್ಧೆಯೊಬ್ಬರ ಮನೆಯಲ್ಲಿ ನಮ್ಮವರು ಮಾಪಕವನ್ನು ತೆರೆದರು. 11 ಎಂದು ತೋರಿಸಿ ಹಸಿರು ದೀಪ ಹೊತ್ತಿತು. ಗಾಳಿ ಚೆನ್ನಾಗಿದೆ, ಕಿಟಕಿ ತೆರೆದಿಡಿ, ಬೇಕಿದ್ದರೆ ಅಂಗಳದಲ್ಲಿ ಸ್ವಲ್ಪ ನಡೆದಾಡಿ ಎಂದು ಹೇಳಿ ಬಂದರು. ಸಂಜೆಯ ಹೊತ್ತಿಗೆ ಆಕೆಗೆ ಎದೆ ಬಿಗಿದು ಎರಡು ಬಾರಿ ಇನ್ಹೇಲರ್ ಬಳಸಬೇಕಾಯಿತು. ಕೇಂದ್ರದ ದಾಖಲೆಯನ್ನು ತೆಗೆದು ನೋಡಿದಾಗ ಆ ಹೊತ್ತಿನಲ್ಲಿ ಕಣಗಳ ಪ್ರಮಾಣ ನಿಜಕ್ಕೂ ಕಡಿಮೆಯಿತ್ತು, ಓಝೋನ್ ಎಂಬ ಅನಿಲ ಮಾತ್ರ ಎಂಟು ಗಂಟೆಗಳ ಸರಾಸರಿಗೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ 100 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು. ಆಕೆಯ ಉಬ್ಬಸಕ್ಕೆ ಓಝೋನೇ ಕಾರಣವೆಂದು ನಾನು ಆಣೆ ಮಾಡಿ ಹೇಳಲಾರೆ. ಸೆಕೆ ಒಂದೇ ಸಾಕಾಗಿದ್ದಿರಬಹುದು. ಆದರೆ ನಮ್ಮ ಸಲಹೆ ತಪ್ಪು, ಆ ತಪ್ಪಿಗೆ ಆಧಾರ ಹಸಿರು ದೀಪ.

ಓಝೋನನ್ನು ಯಾವ ಕೊಳವೆಯೂ ನೇರವಾಗಿ ಉಗುಳುವುದಿಲ್ಲ. ವಾಹನ ಮತ್ತು ಕಾರ್ಖಾನೆಗಳಿಂದ ಬಂದ ಸಾರಜನಕದ ಆಕ್ಸೈಡ್‌ಗಳೂ ಆವಿಯಾಗುವ ಸಾವಯವ ಸಂಯುಕ್ತಗಳೂ ಪ್ರಖರ ಬಿಸಿಲಿನಲ್ಲಿ ಕೂಡಿ ಅದು ಉಂಟಾಗುತ್ತದೆ. ಬಿಸಿ ಏರಿದಷ್ಟೂ, ಗಾಳಿ ನಿಂತಷ್ಟೂ ಹೆಚ್ಚುತ್ತದೆ. ವಾಹನ ದಟ್ಟಣೆಯ ನಡುವೆ ನೈಟ್ರಿಕ್ ಆಕ್ಸೈಡ್ ಅದನ್ನು ನುಂಗಿಬಿಡುವುದರಿಂದ, ಶುದ್ಧವೆಂದು ನಾವು ಭಾವಿಸುವ ಊರಂಚಿನಲ್ಲಿಯೇ ಅದು ಹಲವು ಬಾರಿ ಹೆಚ್ಚಿರುತ್ತದೆ. ಹವಾಮಾನ ಬದಲಾವಣೆಯಿಂದ ಬಿಸಿಗಾಳಿಯ ದಿನಗಳು ಹೆಚ್ಚಾದಂತೆ ನಗರದ ಗಾಳಿ ಕೆಡುವ ಪ್ರಮುಖ ದಾರಿಗಳಲ್ಲಿ ಇದೂ ಒಂದು, ಮತ್ತು ನಮ್ಮ ಕೈಯಲ್ಲಿರುವ ಮಾಪಕ ಇದಕ್ಕೆ ಪೂರ್ತಿ ಕುರುಡು. ಬೇರೆ ಬಗೆಯ ಸಂವೇದಕ ಬೇಕು, ಅದರಲ್ಲೂ ಅಗ್ಗದವು ನೈಟ್ರೋಜನ್ ಡೈಆಕ್ಸೈಡನ್ನೂ ಓಝೋನನ್ನೂ ಒಂದರೊಡನೊಂದು ಬೆರೆಸಿ ಓದುತ್ತವೆ ಎಂಬ ಕಷ್ಟ ನನಗೆ ಗೊತ್ತಿದೆ. ಅಳೆಯಲಾಗದ್ದನ್ನು ಅಳೆಯಲಿಲ್ಲವೆಂದು ನಾನು ದೂರುತ್ತಿಲ್ಲ. ಕಣವೊಂದನ್ನೇ ಅಳೆದು, ತೆರೆಯ ಮೇಲೆ ದೊಡ್ಡಕ್ಷರದಲ್ಲಿ ‘ಗಾಳಿ ಉತ್ತಮ’ ಎಂದು ಬರೆಯುವುದಕ್ಕೆ ನನ್ನ ಆಕ್ಷೇಪ. ‘ಕಣ ಕಡಿಮೆ’ ಎಂದಿದ್ದರೆ ಸಾಕಿತ್ತು.

ಇಂಗಾಲದ ಡೈಆಕ್ಸೈಡ್‌ನ ಅಂಕಿಯನ್ನೂ ಇದು ತೋರಿಸುತ್ತದೆ. ಅವಕೆಂಪು ಬೆಳಕಿನಿಂದ ನಿಜವಾಗಿ ಅಳೆದದ್ದಲ್ಲ, ಬೇರೆ ಅನಿಲಗಳ ಮೇಲಿಂದ ಅಂದಾಜಿಸಿದ್ದು. ಕೈಗೆ ಹಚ್ಚುವ ಸ್ಯಾನಿಟೈಸರ್ ಬಾಟಲಿ ತೆರೆದರೂ ಏರುತ್ತದೆ. ಕೊಳ್ಳುವವರು ಇದಕ್ಕಾಗಿ ಹೆಚ್ಚು ಕೊಡಬೇಕಾಗಿಲ್ಲ.

ಬ್ಯಾಟರಿ ನಿಲ್ಲಿಸದೆ ಬಳಸಿದರೆ ಆರೇಳು ಗಂಟೆ ಬರುತ್ತದೆ. ಎಂಟನೇ ತಿಂಗಳಲ್ಲಿ ಒಂದು ಮಾಪಕ ಎಲ್ಲಿಟ್ಟರೂ 60ಕ್ಕಿಂತ ಕೆಳಗಿಳಿಯಲಿಲ್ಲ. ಬಿಚ್ಚಿ ನೋಡಿದಾಗ ಗಾಳಿ ಹೋಗುವ ರಂಧ್ರದಲ್ಲಿ ನೂಲೆಳೆಯಂಥ ಧೂಳು ಕಟ್ಟಿತ್ತು. ಮೃದು ಕುಂಚದಿಂದ ಸವರಿದ ಮೇಲೆ ಸರಿಹೋಯಿತು. ಮಾರಾಟಗಾರರಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ.

ನಾಲ್ಕರಲ್ಲಿ ಮೂರು ಈಗಲೂ ಕೆಲಸದಲ್ಲಿವೆ, ನಾಲ್ಕನೆಯದನ್ನು ಹೊಸಬರಿಗೆ ತರಬೇತಿ ಕೊಡಲು ಇಟ್ಟುಕೊಂಡಿದ್ದೇವೆ. ಪ್ರತಿಯೊಂದರ ಬಣ್ಣದ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇವೆ; ಅಂಕಿ ಮಾತ್ರ ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನದ ಭೇಟಿಗಳಿಗೆ ಮಾಪಕವನ್ನು ಒಯ್ಯುವುದಿಲ್ಲ, ಹೊರಡುವ ಮುನ್ನ ಕೇಂದ್ರದ ಓಝೋನ್ ಅಂಕಿಯನ್ನು ಫೋನಿನಲ್ಲಿ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇವೆ.