ಪ್ರಿಲ್ಯೂಡ್ ಟು ಫೇಮ್ (1950): ಚಪ್ಪಾಳೆಗೆ ಸಿಕ್ಕ ಹುಡುಗ

ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿಯ ‘ಯಂಗ್ ಆರ್ಕಿಮಿಡೀಸ್’ ಕಥೆಯ ಇಟಲಿಯ ಹಳ್ಳಿಹುಡುಗ ಗ್ವಿಡೊನ ನಿಜವಾದ ಪ್ರತಿಭೆ ಇರುವುದು ಗಣಿತದಲ್ಲಿ. ಆ ಕಥೆಯನ್ನು ಆಧರಿಸಿದ ಈ ಬ್ರಿಟಿಷ್ ಸಿನಿಮಾ ಗಣಿತವನ್ನು ಬಿಟ್ಟು ಅವನನ್ನು ವಾದ್ಯವೃಂದ ನಡೆಸುವ ಬಾಲಪ್ರತಿಭೆಯಾಗಿಸಿದೆ. ಜಾಣತನದ ಬದಲಾವಣೆ. ಚಪ್ಪಡಿಯ ಮೇಲೆ ಸುಟ್ಟ ಕಡ್ಡಿಯಿಂದ ಬಿಡಿಸಿದ ಪ್ರಮೇಯಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ?

ಚಿತ್ರದ ಬಲ ಕ್ಯಾಥ್ಲೀನ್ ಬೈರನ್. ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ಸಿಸ್ಟರ್ ರೂತ್ ಎಂಬ ಸನ್ಯಾಸಿನಿ ಆಗಿದ್ದವರು ಇಲ್ಲಿ ಹುಡುಗನನ್ನು ಹೆತ್ತವರಿಂದ ದೂರ ಮಾಡಿ ಖ್ಯಾತಿಗೆ ತಳ್ಳುವ ಶ್ರೀಮಂತೆ. ಅವರು ದನಿ ಏರಿಸಿದಾಗಲ್ಲ, ಮೆತ್ತಗೆ ಮಾತಾಡಿದಾಗಲೇ ಹೆಚ್ಚು ಭಯವಾಗುತ್ತದೆ. ಗ್ವಿಡೊ ಆಗಿರುವ ಜೆರೆಮಿ ಸ್ಪೆನ್ಸರ್‌ಗೆ ಆಗ ಹದಿಮೂರರ ಆಸುಪಾಸು. ವೇದಿಕೆಯ ಮೇಲಿನ ಬಿಗಿ, ಕೆಳಗಿಳಿದಾಗಿನ ಒಂಟಿತನ ಎರಡನ್ನೂ ಹಿಡಿದಿದ್ದಾನೆ. ನಿರ್ದೇಶಕ ಫರ್ಗಸ್ ಮೆಕ್‌ಡೊನೆಲ್ ಮೂಲತಃ ಸಂಕಲನಕಾರರು.

ಎಡವಿದ್ದು ‘ಇಂಡಿಪೆಂಡೆಂಟ್ ಫ್ರೇಮ್’ ವಿಧಾನದಲ್ಲಿ. ಬ್ರಿಟನ್ನಿನ ಚಿತ್ರೋದ್ಯಮ ಕಂಪನಿ ರ‍್ಯಾಂಕ್ ಸಂಸ್ಥೆ ಖರ್ಚು ಉಳಿಸಲು ತಂದ ಈ ಪದ್ಧತಿಯಲ್ಲಿ ಪ್ರತಿ ಶಾಟ್ ಮೊದಲೇ ನಿಗದಿ, ಸೆಟ್ಟುಗಳು ಚಕ್ರದ ವೇದಿಕೆಯ ಮೇಲೆ, ಹೊರಾಂಗಣಕ್ಕೆ ನಟರ ಬೆನ್ನ ಹಿಂದಿನ ಪರದೆಯ ಮೇಲಿನ ಚಿತ್ರ. ಪರದೆಯ ಬೆಳಕು ಮುಂದಿನ ದೀಪದ ಬೆಳಕಿಗೆ ಹೊಂದದಿದ್ದರೆ ನಟರು ಕತ್ತರಿಸಿ ಅಂಟಿಸಿದಂತೆ ಕಾಣುತ್ತಾರೆ. ಇಟಲಿಯ ಬಿಸಿಲು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದ್ದೆಂದು ಗೊತ್ತಾಗಿಬಿಡುತ್ತದೆ.

ಮುಕ್ತಾಯ ಹಕ್ಸ್‌ಲಿಯಷ್ಟು ಕ್ರೂರವಲ್ಲ. ನನಗೆ ಕಥೆಯದೇ ಮೇಲು.

ಕಪ್ಪು-ಬಿಳುಪು ಚಿತ್ರ, ಸುಮಾರು ಒಂದೂವರೆ ಗಂಟೆ. ಟಿವಿಯಲ್ಲಿ ಚಿತ್ರದ ಅಗಲ-ಎತ್ತರದ ಅನುಪಾತ 4:3 ಇಟ್ಟೇ ನೋಡಿ. ಪರದೆ ತುಂಬಿಸಲು ಹಿಗ್ಗಿಸಿದರೆ ಮುಖಗಳೆಲ್ಲ ಅಗಲ.