ಮಾರಾ, ಅಂಬೊಸೆಲಿ, ನಕುರು: ಕೀನ್ಯಾದಲ್ಲಿ ನಾವಿಬ್ಬರೂ ನೋಡಿ ತೂಗಿದ್ದು

2024ರ ಆಗಸ್ಟ್‌ನಲ್ಲಿ ನಾನೂ ನಮ್ಮ ಮನೆಯವರೂ ಕೀನ್ಯಾಕ್ಕೆ ಹೋಗಿ ನಕುರುವಿನಲ್ಲಿ ಒಂದು ರಾತ್ರಿ, ಮಾಸೈ ಮಾರಾದಲ್ಲಿ ಮೂರು ರಾತ್ರಿ, ಅಂಬೊಸೆಲಿಯಲ್ಲಿ ಮೂರು ರಾತ್ರಿ ಕಳೆದು ಬಂದೆವು. ಗದಗಿಗೆ ಮರಳಿದ ದಿನದಿಂದ ಹುಬ್ಬಳ್ಳಿ, ಧಾರವಾಡದ ಬಳಗದವರು ಕೇಳುತ್ತಿರುವುದು ಒಂದೇ ಪ್ರಶ್ನೆ: ರಜೆಯೂ ರೊಕ್ಕವೂ ಒಂದೇ ಕಾಡಿಗೆ ಸಾಲುವಷ್ಟಿದ್ದರೆ ಯಾವುದಕ್ಕೆ ಹೋಗಬೇಕು? ನನ್ನ ಉತ್ತರ ಅಂಬೊಸೆಲಿ. ನಮ್ಮ ಮನೆಯವರ ಉತ್ತರ ಮಾರಾ. ಒಂದೇ ವಾಹನದಲ್ಲಿ ಅಕ್ಕಪಕ್ಕ ಕುಳಿತು ನೋಡಿದ ಇಬ್ಬರ ಅಭಿಪ್ರಾಯ ಬೇರೆಯಾದದ್ದು ಏಕೆ ಎಂಬುದನ್ನು ವಿವರವಾಗಿ ಬರೆದರೆ, ಹೊರಡುವ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತು.

ನಾವು ಪ್ರಾಣಿ ಪಕ್ಷಿಗಳನ್ನು ನೋಡಲು ಕಲಿತದ್ದು ಊರ ಸುತ್ತಲೇ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಾಗ ದಂಡೆಯ ಮೇಲೆ ಸದ್ದಿಲ್ಲದೆ ಕೂಡುವುದು, ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಚಿಗರಿಯ ಹಿಂಡು ಬೆದರದಂತೆ ದೂರದಲ್ಲೇ ನಿಲ್ಲುವುದು ನಮಗೆ ಹಲವು ವರ್ಷಗಳ ರೂಢಿ. ನನ್ನ ಅಳತೆಗೋಲೂ ಅಲ್ಲಿಂದಲೇ ಬಂದದ್ದು: ಕಂಡ ಪ್ರಾಣಿ ತನ್ನ ಪಾಡಿಗೆ ತಾನು ಬದುಕುವುದನ್ನು ಎಷ್ಟು ಹೊತ್ತು ನೋಡಲು ಸಿಕ್ಕಿತು ಎಂಬುದೇ ನನಗೆ ಮುಖ್ಯ. ಮನೆಯವರಿಗೆ ಊರಲ್ಲಿ ಎಂದೂ ಕಾಣಲಾರದ್ದನ್ನು ಕಣ್ತುಂಬ ಕಾಣುವುದು ಮುಖ್ಯ. ಎರಡೂ ನ್ಯಾಯವಾದ ಆಸೆಗಳೇ ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಮಾರಾ ಸುಮಾರು 1,510 ಚದರ ಕಿಲೋಮೀಟರ್ ವಿಸ್ತಾರದ ಹುಲ್ಲುಗಾವಲು. ದಕ್ಷಿಣಕ್ಕೆ ಟಾಂಜಾನಿಯದ ಸೆರೆಂಗೆಟಿ ಇದಕ್ಕೆ ಕೂಡಿಕೊಂಡೇ ಇದೆ; ಗಡಿ ಇರುವುದು ಮನುಷ್ಯರಿಗೆ, ಪ್ರಾಣಿಗಳಿಗೆ ನಡುವೆ ಬೇಲಿಯಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿದ ವಿಲ್ಡ್‌ಬೀಸ್ಟ್‌ಗಳು (ಹುಲ್ಲೆ ಜಾತಿಯ ದೊಡ್ಡ ಪ್ರಾಣಿಗಳು), ಅವುಗಳ ಜೊತೆಗೆ ಜೀಬ್ರಾಗಳು, ಮಳೆಯನ್ನೂ ಹೊಸ ಹುಲ್ಲನ್ನೂ ಹುಡುಕುತ್ತ ವರ್ಷವಿಡೀ ಈ ಎರಡು ನಾಡುಗಳಲ್ಲಿ ಸುತ್ತು ಹಾಕುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಅವು ಮಾರಾ ಕಡೆಗಿರುತ್ತವೆ. ನಾವು ಆಗಸ್ಟ್ ತಿಂಗಳನ್ನು ಆರಿಸಿದ್ದು ಅದಕ್ಕಾಗಿಯೇ. ಸೆಕೆನಾನಿ ದ್ವಾರ ದಾಟಿದ ಅರ್ಧ ಗಂಟೆಯೊಳಗೆ ಕಂಡ ದೃಶ್ಯವನ್ನು ನಾನು ಮರೆಯಲಾರೆ. ಬೆಳೆ ಕೊಯ್ದ ಮೇಲೆ ನಮ್ಮ ಎರೆ ಸೀಮೆ ದಿಗಂತದವರೆಗೆ ಬಟ್ಟಬಯಲಾಗಿ ಹರಡಿರುತ್ತದಲ್ಲ, ಅಂಥದೇ ಬಯಲು. ಆದರೆ ಅದರ ಮೇಲೆ ಕಣ್ಣು ಹಾಯುವಷ್ಟು ದೂರವೂ ಪ್ರಾಣಿಗಳೇ.

ಎರೆ ಸೀಮೆಯ ನೆನಪು ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಮಾರಾದ ಬಹುಭಾಗದ ನೆಲ ನಮ್ಮ ಕಡೆಯಂತೆಯೇ ಕರಿಮಣ್ಣು. ಎರಡನೆಯ ದಿನ ಮಧ್ಯಾಹ್ನ ಒಂದು ತಾಸು ಮಳೆ ಸುರಿದದ್ದೇ ತಡ, ಆ ಮಣ್ಣು ಗಾಲಿಗಳಿಗೆ ಮೆತ್ತಿಕೊಂಡು ವಾಹನ ಹೂತುಹೋಯಿತು. ನಮಗೆ ವ್ಯಾನು ಕೊಟ್ಟಿದ್ದ ಸಂಸ್ಥೆಯವರು ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲವಿರುವ ವಾಹನವನ್ನೇ ಕಳುಹಿಸುತ್ತೇವೆಂದು ಮಾತು ಕೊಟ್ಟಿದ್ದರು. ಬಂದದ್ದು ಸಾಮಾನ್ಯ ವ್ಯಾನು. ಇನ್ನೊಂದು ವಾಹನ ಬಂದು ಹಗ್ಗ ಕಟ್ಟಿ ಎಳೆಯುವವರೆಗೆ, ಸಿಂಹಗಳಿರುವ ಬಯಲಿನಲ್ಲಿ ಕೆಳಗಿಳಿಯುವಂತೆಯೂ ಇಲ್ಲದೆ, ಎರಡು ತಾಸು ಕುಳಿತೆವು. ಮಾರಾಕ್ಕೆ ಹೋಗುವವರು ಹಣ ಕಟ್ಟುವ ಮೊದಲೇ ವಾಹನ ಯಾವುದೆಂದು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.

ಈ ಹಿಂಡುಗಳು ಮಾರಾ ನದಿ ದಾಟುವುದನ್ನು ನೋಡಲೆಂದೇ ಬಹಳ ಜನ ಅಷ್ಟು ದೂರ ಹೋಗುವುದು. ಮೊದಲ ದಿನ ದಂಡೆಯಲ್ಲಿ ಮೂರೂವರೆ ತಾಸು ಕಾದೆವು. ಹಿಂಡು ನೀರಿನ ಅಂಚಿಗೆ ಬಂದು, ಮುಂದಿನ ಸಾಲಿನವು ತಲೆ ಬಗ್ಗಿಸಿ ನೋಡಿ, ಏನನ್ನೋ ಕಂಡು ಬೆದರಿ, ಒಮ್ಮೆಲೇ ತಿರುಗಿ ಓಡಿದವು. ಹೀಗೆ ನಾಲ್ಕು ಸಲವಾಯಿತು. ಮರುದಿನ ಬೆಳಿಗ್ಗೆ ಜೀಬ್ರಾಗಳು ಮೊದಲು ಇಳಿದವು, ಅವುಗಳ ಹಿಂದೆ ವಿಲ್ಡ್‌ಬೀಸ್ಟ್‌ಗಳು ಒಂದರ ಮೇಲೊಂದು ಬೀಳುವಂತೆ ಧುಮುಕಿದವು. ಮೊಸಳೆಯೊಂದು ಒಂದು ಮರಿಯನ್ನು ಹಿಡಿದು ನೀರಿಗೆಳೆಯಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು, ತಾಯಿಯೊಂದು ಆಚೆ ದಂಡೆಯಲ್ಲಿ ನಿಂತು ಕೂಗುತ್ತಿತ್ತು. ಮನೆಯವರು ಆ ಹೊತ್ತಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಜಗತ್ತಿನಲ್ಲಿ ಇಂಥದ್ದು ಇನ್ನೂ ಉಳಿದಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಬೇರೆ ಯಾವ ಲೆಕ್ಕವೂ ಬೇಡ ಎಂದು ಅವರು ಈಗಲೂ ಹೇಳುತ್ತಾರೆ, ಮತ್ತು ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಆದರೆ ಅದೇ ದಂಡೆಯಲ್ಲಿ ನಾನು ಐವತ್ತರವರೆಗೆ ವಾಹನಗಳನ್ನು ಎಣಿಸಿ ಬಿಟ್ಟೆ. ಹಿಂಡು ಇಳಿಯತೊಡಗಿದಾಗ ಅವೆಲ್ಲ ಒಟ್ಟಿಗೆ ಎಂಜಿನ್ ಹಚ್ಚಿ ಅಂಚಿಗೆ ನುಗ್ಗಿದ್ದರಿಂದ ಪ್ರಾಣಿಗಳು ಹತ್ತುವ ದಾರಿಯೇ ಕಿರಿದಾಯಿತು. ಅದಕ್ಕಿಂತ ನೋವಾದದ್ದು ಮೂರನೆಯ ದಿನ. ಹುತ್ತದ ಮೇಲೆ ತಾಯಿ ಶಿವಂಗಿಯೊಂದು (ಚೀತಾ), ಅದರ ನೆರಳಿನಲ್ಲಿ ಮೂರು ಮರಿಗಳು. ಚಾಲಕರ ವೈರ್‌ಲೆಸ್‌ನಲ್ಲಿ ‘ಸಿಂಬಾ’ ಎಂದು ಕೇಳಿದರೆ ಸಿಂಹವೆಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ‘ಡುಮಾ’ ಎಂದರೆ ಶಿವಂಗಿ ಎಂಬುದನ್ನು ಮಾತ್ರ ಹೊಸದಾಗಿ ಕಲಿತಿದ್ದೆವು. ಆ ಪದ ಹರಿದಾಡಿದ ಹತ್ತು ನಿಮಿಷಕ್ಕೆ ವಾಹನಗಳು ಸುತ್ತುಗಟ್ಟಿದವು. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದೇ ವಾಹನಗಳಿರಬೇಕೆಂಬ ನಿಯಮವಿದೆ, ಅಲ್ಲಿ ಹದಿನಾರು ಇದ್ದವು. ಶಿವಂಗಿ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ, ಅಂದರೆ ಅದು ದುಡಿಯುವ ಹೊತ್ತೂ ನಾವು ನೋಡಲು ಹೋಗುವ ಹೊತ್ತೂ ಒಂದೇ. ಮಾರಾದಲ್ಲಿ ಪ್ರವಾಸಿಗರು ಹೆಚ್ಚಿರುವ ಭಾಗಗಳಲ್ಲಿ ಶಿವಂಗಿಗಳು ಬೆಳೆಸಿ ದೊಡ್ಡದು ಮಾಡುವ ಮರಿಗಳ ಸಂಖ್ಯೆ ತೀರ ಕಡಿಮೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮ ದೇಶದಿಂದ ಈ ಪ್ರಾಣಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ಆಫ್ರಿಕದಿಂದಲೇ ತರಿಸಿ ಕೂನೊದಲ್ಲಿ ಬಿಡಬೇಕಾಯಿತು. ಅಂಥ ಪ್ರಾಣಿಯ ಬೇಟೆ ಕೆಡಿಸುವ ಗುಂಪಿನಲ್ಲಿ ನಾವೂ ಒಬ್ಬರಾಗಿದ್ದೆವು. “ನಡೀರಿ, ಇದು ಜಾತ್ರಿ ಆತು” ಎಂದು ನಮ್ಮ ಮನೆಯವರೇ ಚಾಲಕರಿಗೆ ಕೈಸನ್ನೆ ಮಾಡಿ ಅಲ್ಲಿಂದ ಹೊರಡಿಸಿದರು.

ಅಂಬೊಸೆಲಿಗೆ ನೈರೋಬಿಯಿಂದ ನಾಲ್ಕು ತಾಸಿನ ದಾರಿ, ರಸ್ತೆಯೂ ಮಾರಾದ ರಸ್ತೆಗಿಂತ ನಯ. ವಿಸ್ತಾರ 392 ಚದರ ಕಿಲೋಮೀಟರ್ ಮಾತ್ರ, ಮಾರಾದ ಸುಮಾರು ಕಾಲು ಭಾಗ. ಮೊದಲ ನೋಟಕ್ಕೆ ನಿರಾಶೆಯಾಗುತ್ತದೆ. ಉಪ್ಪುಪ್ಪಾದ ಬಿಳಿ ದೂಳು, ಒಣಗಿದ ಸರೋವರದ ತಳ, ಅಲ್ಲಲ್ಲಿ ಎದ್ದು ತಿರುಗುವ ಸುಳಿಗಾಳಿ. ದೂಳಿನ ಅಲರ್ಜಿ ಇರುವವರಿಗೆ ಇದು ಕಷ್ಟದ ಜಾಗವೇ. ನಾನು ಮೂರೂ ದಿನ ಮೂಗು ಬಾಯಿಗೆ ಪಂಚೆ ಸುತ್ತಿಕೊಂಡಿದ್ದೆ. ಆದರೆ ಆ ದೂಳಿನ ನಡುವೆ ಹಚ್ಚಗಿನ ಜೌಗುಗಳಿವೆ. ಗಡಿಯಾಚೆ ಟಾಂಜಾನಿಯದಲ್ಲಿ 5,895 ಮೀಟರ್ ಎತ್ತರಕ್ಕೆ ನಿಂತಿರುವ ಕಿಲಿಮಂಜಾರೊ ಪರ್ವತದ ನೀರು ನೆಲದೊಳಗೆ ಹರಿದು ಬಂದು ಇಲ್ಲಿ ಉಕ್ಕುತ್ತದೆ. ಬೇಸಿಗೆ ಎಷ್ಟೇ ಕಠಿಣವಾದರೂ ಈ ಜೌಗು ಇರುವುದರಿಂದ ಆನೆಗಳಿಗೆ ಇದೇ ಆಸರೆ.

ಜೌಗು ಇರುವ ಕಡೆ ಆನೆ ಬಂದೇ ಬರುತ್ತದೆಂಬುದೇ ನನ್ನ ಆಯ್ಕೆಯ ತಿರುಳು. ಇಲ್ಲಿ ಪ್ರಾಣಿಯನ್ನು ಅಟ್ಟಿಕೊಂಡು ಹೋಗಬೇಕಿಲ್ಲ. ಬೆಳಿಗ್ಗೆ ಸಾಲುಗಟ್ಟಿ ಬರುತ್ತವೆ, ಹೊಟ್ಟೆಯವರೆಗಿನ ನೀರಿನಲ್ಲಿ ನಿಂತು ಜೊಂಡು ಕಿತ್ತು, ಬೇರಿನ ಕೆಸರು ತೊಳೆದು ತಿನ್ನುತ್ತವೆ, ಸಂಜೆ ಅದೇ ದಾರಿಯಲ್ಲಿ ಮರಳುತ್ತವೆ. ದಾರಿಯ ಪಕ್ಕದಲ್ಲಿ ಎಂಜಿನ್ ಆರಿಸಿ ಕುಳಿತರೆ ಸಾಕು. ಎರಡನೆಯ ದಿನ ಹದಿಮೂರು ಆನೆಗಳ ಒಂದೇ ಕುಟುಂಬವನ್ನು ಎರಡೂವರೆ ತಾಸು ನೋಡಿದೆವು, ಆ ಹೊತ್ತಿನಲ್ಲಿ ನಮ್ಮ ಹತ್ತಿರ ಬಂದ ಬೇರೆ ವಾಹನ ಎರಡೇ. ಹಿರಿಯ ಹೆಣ್ಣಾನೆ ನಿಂತರೆ ಉಳಿದವೂ ನಿಂತವು, ನಡೆದರೆ ನಡೆದವು. ಕೆಸರಿನಲ್ಲಿ ಸಿಕ್ಕಿಕೊಂಡ ಮರಿಯನ್ನು ತಾಯಿ ಸೊಂಡಿಲಿನಿಂದ ಎತ್ತುತ್ತಿದ್ದರೆ ಅಕ್ಕನಂತಿದ್ದ ಇನ್ನೊಂದು ಹಿಂದಿನಿಂದ ಹಣೆ ಕೊಟ್ಟು ನೂಕಿತು. ಮರಿಯ ತಾಯಿಗೆ ಉದ್ದನೆಯ ದಂತಗಳಿರುವುದನ್ನು ಕಂಡು ನನಗೆ ಮೊದಲು ಗೊಂದಲವಾಯಿತು. ನಮ್ಮ ಕಡೆ ದಂತವಿದ್ದರೆ ಅದು ಗಂಡಾನೆ. ಆಫ್ರಿಕದಲ್ಲಿ ಹೆಣ್ಣಿಗೂ ದಂತ ಇರುತ್ತದೆ. ಕಾಲ ಬುಡದಲ್ಲಿ ಬೆಳ್ಳಕ್ಕಿಗಳು ಹುಳ ಆರಿಸುತ್ತ ನಡೆಯುತ್ತಿದ್ದವು, ರಂಟೆ ಹೊಡೆಯುವಾಗ ಎತ್ತುಗಳ ಹಿಂದೆ ನಡೆಯುವ ಹಾಗೆಯೇ.

ಇಲ್ಲಿನ ಆನೆಗಳು ಮನುಷ್ಯರ ನೋಟಕ್ಕೆ ಅಷ್ಟು ಒಗ್ಗಿಕೊಂಡಿರುವುದಕ್ಕೆ ಹಿನ್ನೆಲೆಯೂ ಇದೆ. ಸಿಂಥಿಯಾ ಮಾಸ್ ಅವರು 1972ರಲ್ಲಿ ಇಲ್ಲಿ ಆನೆಗಳ ಅಧ್ಯಯನವನ್ನು ಆರಂಭಿಸಿದರು, ಅದು ಇಂದಿಗೂ ನಿಂತಿಲ್ಲ. ಕಿವಿಯ ಅಂಚಿನ ಹರಕು, ತೂತುಗಳಿಂದ ಒಂದೊಂದು ಆನೆಯನ್ನೂ ಗುರುತಿಸುತ್ತಾರೆ. ಒಂದು ಕುಟುಂಬದವಕ್ಕೆಲ್ಲ ಒಂದೇ ಅಕ್ಷರದಿಂದ ಆರಂಭವಾಗುವ ಹೆಸರಿಡುತ್ತಾರೆ. ನಾವು ನೋಡಿದ ಕುಟುಂಬದ ಅಜ್ಜಿಯನ್ನೂ ಅದರ ತಾಯಿಯನ್ನೂ ಬಲ್ಲವರು ಆ ಊರಿನಲ್ಲಿದ್ದಾರೆ ಎಂಬ ಅರಿವಿನಿಂದ ನೋಡುವುದಕ್ಕೂ ಬರಿದೆ ನೋಡುವುದಕ್ಕೂ ಬಹಳ ಅಂತರವಿದೆ.

ಕಿಲಿಮಂಜಾರೊ ಮಾತ್ರ ಎಲ್ಲರಿಗೂ ಕಾಣುತ್ತದೆಂದು ನಂಬಿ ಹೋಗಬಾರದು. ಹಗಲಿಡೀ ಮೋಡ ಮುಚ್ಚಿರುತ್ತದೆ. ನಸುಕಿನಲ್ಲಿ ಅಥವಾ ಮುಸ್ಸಂಜೆಗೆ ತೆರೆದರೆ ತೆರೆಯಿತು. ಮೂರು ಬೆಳಗುಗಳಲ್ಲಿ ನಮಗೆ ಒಂದು ಬೆಳಗು ಕಂಡಿತು, ಅದೂ ಮುಕ್ಕಾಲು ತಾಸು. ಒಂದೇ ರಾತ್ರಿ ಇದ್ದು ಹೋಗುವವರು ಅದನ್ನು ಕಾಣದೆಯೇ ಮರಳುವ ಸಂಭವವೇ ಹೆಚ್ಚು. ಸಿಂಹಗಳ ವಿಷಯದಲ್ಲಿಯೂ ಅಂಬೊಸೆಲಿ ಮಾರಾಕ್ಕೆ ಸಮನಾಗದು: ಅಲ್ಲಿ ಮೂರು ದಿನದಲ್ಲಿ ಇಪ್ಪತ್ತೆರಡು ಕಂಡರೆ ಇಲ್ಲಿ ಕಂಡದ್ದು ಎರಡು, ಬಹು ದೂರದಲ್ಲಿ.

ನಕುರುವಿನ ಬಗ್ಗೆ ಹೆಚ್ಚು ಬರೆಯಬೇಕಾದದ್ದಿಲ್ಲ. ಘೇಂಡಾಮೃಗವನ್ನು, ಕರಿಯದು ಬಿಳಿಯದು ಎರಡನ್ನೂ, ಹತ್ತಿರದಿಂದ ಕಾಣಬೇಕೆಂದರೆ ಬೇಲಿ ಹಾಕಿದ ಆ 188 ಚದರ ಕಿಲೋಮೀಟರ್ ಉದ್ಯಾನವೇ ಸರಿ. ನಮಗೆ ಅರ್ಧ ದಿನದಲ್ಲಿ ಏಳು ಸಿಕ್ಕವು. ನಕುರು ಸರೋವರದ ದಂಡೆಯುದ್ದಕ್ಕೂ ಗುಲಾಬಿ ಬಣ್ಣದ ರಾಜಹಂಸಗಳ ಚಿತ್ರ ಕಂಡು ಹೋಗುವವರು ಮಾತ್ರ ಆ ಆಸೆಯನ್ನು ಬಿಟ್ಟೇ ಹೋಗಬೇಕು. ಸರೋವರದ ನೀರು ವರ್ಷಗಳಿಂದ ಏರುತ್ತ, ಸವಳು ತಿಳಿಯಾಗಿ, ಅವು ತಿನ್ನುವ ಪಾಚಿ ಕಡಿಮೆಯಾದಂತೆ ಬಹುಪಾಲು ಹಕ್ಕಿಗಳು ಬೊಗೋರಿಯಾದಂಥ ಬೇರೆ ಸರೋವರಗಳಿಗೆ ಸರಿದಿವೆ. ನೀರಿನಲ್ಲಿ ಮುಳುಗಿ ಸತ್ತ ಮರಗಳು ಸಾಲಾಗಿ ನಿಂತಿದ್ದವು. ಕೀನ್ಯಾದ ದಕ್ಷಿಣದಲ್ಲಿ ಮಾಗಡಿ ಎಂಬ ಹೆಸರಿನದೇ ಒಂದು ಸವಳು ಸರೋವರವಿದ್ದು ಅಲ್ಲಿಗೂ ರಾಜಹಂಸಗಳು ಬರುತ್ತವೆ ಎಂದು ತಿಳಿದಾಗ ನಮ್ಮ ಕೆರೆಯ ನೆನಪಾಗಿ ಹೋಗುವ ಆಸೆ ಬಹಳವಾಯಿತು, ದಿನಗಳು ಸಾಲಲಿಲ್ಲ.

ಖರ್ಚಿನಲ್ಲಿ ಎದ್ದು ಕಾಣುವ ಅಂತರ ಪ್ರವೇಶ ಶುಲ್ಕದ್ದು. ಮಾರಾದಲ್ಲಿ ವಿದೇಶಿ ಪ್ರವಾಸಿಗರಿಗೆ ಜುಲೈಯಿಂದ ಡಿಸೆಂಬರ್‌ವರೆಗೆ ತಲೆಗೆ ದಿನಕ್ಕೆ 200 ಡಾಲರ್, ಜನವರಿಯಿಂದ ಜೂನ್‌ವರೆಗೆ 100 ಡಾಲರ್. ಚೀಟಿ ನಡೆಯುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಅಂಬೊಸೆಲಿಯಲ್ಲಿ ನಾವು ಕಟ್ಟಿದ್ದು ಅದಕ್ಕಿಂತ ಬಹಳ ಕಡಿಮೆ. ಊಟದಲ್ಲಿ ಎರಡೂ ಕಡೆ ಸಮ: ಚಪಾತಿ, ಬೇಳೆ, ‘ಸುಕುಮಾ ವಿಕಿ’ ಎಂಬ ಸೊಪ್ಪಿನ ಪಲ್ಯ ಸಿಗುತ್ತವೆ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಪ್ಲಾಸ್ಟಿಕ್ ಚೀಲಗಳನ್ನು ಕೀನ್ಯಾ 2017ರಲ್ಲೇ ನಿಷೇಧಿಸಿರುವುದರಿಂದ ಎಲ್ಲವನ್ನೂ ಅರಿವೆಯ ಗಂಟು ಮಾಡಿಯೇ ಒಯ್ಯಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರು ಲಸಿಕೆಗೆ ಮೊದಲು ವೈದ್ಯರನ್ನು ಕೇಳಲೇಬೇಕು, ನಮ್ಮ ಮನೆಯವರೂ ಕೇಳಿಯೇ ಹಾಕಿಸಿಕೊಂಡರು.

ಹೀಗಾಗಿ ಮೊದಲ ಸಲ ಹೋಗುವ, ಬೆನ್ನು ಮೊಣಕಾಲುಗಳ ಬಗ್ಗೆ ಯೋಚಿಸಬೇಕಾದ ನಮ್ಮ ವಯಸ್ಸಿನ ದಂಪತಿಗಳಿಗೆ ಅಂಬೊಸೆಲಿಯಲ್ಲೇ ನಾಲ್ಕು ರಾತ್ರಿ ಇರಿ ಎಂದು ನಾನು ಹೇಳುತ್ತೇನೆ. ಮನೆಯವರು ಒಪ್ಪುವುದಿಲ್ಲ. ಆದರೆ ಇನ್ನೊಮ್ಮೆ ಹೋಗುವುದಾದರೆ ಫೆಬ್ರುವರಿಯಲ್ಲಿ ಮಾರಾಕ್ಕೆ ಹೋಗೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಆಗ ನದಿ ದಾಟುವ ಹಿಂಡುಗಳು ಸೆರೆಂಗೆಟಿಯ ದಕ್ಷಿಣಕ್ಕಿರುತ್ತವೆ, ಅದರಿಂದ ದಂಡೆಯಲ್ಲಿ ಆ ನೂಕುನುಗ್ಗಲೂ ಇರುವುದಿಲ್ಲ, ಶುಲ್ಕವೂ ಅರ್ಧ. ಸಿಂಹಗಳೂ ಶಿವಂಗಿಗಳೂ ಎಲ್ಲಿಗೂ ಹೋಗಿರುವುದಿಲ್ಲ.